ಗುಬ್ಬಿಯ ಬಾಲಕ್ಕೆ ಕೆಂಪು ರಿಬ್ಬನ್

ಒದ್ದದ್ದು ಕರಿ ಕುದುರೆ. ಕೆಂಪು ರಿಬ್ಬನ್ ಕಟ್ಟಿದ್ದು ನಮ್ಮ ಗುಬ್ಬಿಯ ಬಾಲಕ್ಕೆ.

ಕುದುರೆ ಪ್ರದರ್ಶನಗಳಲ್ಲಿ ಬಾಲದ ಕೆಂಪು ರಿಬ್ಬನ್ನಿಗೆ ಒಂದೇ ಅರ್ಥ: ಇದು ಒದೆಯುವ ಪ್ರಾಣಿ, ದೂರವಿರಿ. ಗುಬ್ಬಿ ನನ್ನ ಚಿಕ್ಕಮ್ಮನ ಸವಾರಿ ಶಾಲೆಯ ಹೆಣ್ಣು ಕುದುರೆ. ಪುಟ್ಟ ಮಕ್ಕಳು ಮೊದಲ ಸಲ ಜೀನು ಹತ್ತುವುದು ಅದರ ಬೆನ್ನ ಮೇಲೆ. ಆ ಮಕ್ಕಳ ತಾಯಂದಿರು ಅಂದು ಬೇಲಿಯಾಚೆ ಕೂತಿದ್ದರು. ರಿಬ್ಬನ್ ಕಂಡದ್ದೇ ಒಬ್ಬಾಕೆ ಬೇಲಿಗೆ ಜೋತುಬಿದ್ದಿದ್ದ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ಒದೆಯುತ್ತದೆ ಎಂದು ಹೆಸರು ಬಿದ್ದ ಕುದುರೆಯ ಮೇಲೆ ಯಾರು ಮಗುವನ್ನು ಕೂರಿಸುತ್ತಾರೆ? ಮಕ್ಕಳು ಹತ್ತದ ಕುದುರೆಯನ್ನು ಚಿಕ್ಕಮ್ಮ ಎಲ್ಲಿಂದ ಸಾಕಿಯಾಳು? ಮಾರಬೇಕಷ್ಟೆ.

ಅದು ಡ್ರೆಸಾಜ್ ಸ್ಪರ್ಧೆ. ತೀರ್ಪುಗಾರರ ಎದುರು ಕುದುರೆ ಲಯ ತಪ್ಪದೆ ನಡೆಯಬೇಕು, ಓಡಬೇಕು, ಹೇಳಿದಲ್ಲಿ ನಿಲ್ಲಬೇಕು. ಅದಕ್ಕೆ ಮುಂಚೆ ಎಲ್ಲರೂ ಒಂದೇ ವಾರ್ಮಪ್ ಅಂಗಳದಲ್ಲಿ ಕುದುರೆಗಳ ಮೈ ಸಡಿಲಿಸಿಕೊಳ್ಳಬೇಕು. ಅಲ್ಲಿ ಅಂಕ ಕೊಡುವವರಿಲ್ಲ, ಮರ್ಯಾದೆಯೇ ಕಾನೂನು. ಎದುರಾದವರು ಎಡಭುಜಕ್ಕೆ ಎಡಭುಜ ಬರುವಂತೆ ಹಾಯಬೇಕು. ನಿಧಾನ ನಡೆಯುವವರು ಬೇಲಿಯಂಚನ್ನು ಓಡುವವರಿಗೆ ಬಿಡಬೇಕು. ಚಿಕ್ಕಮ್ಮ ಇದನ್ನೆಲ್ಲ ನನಗೆ ತುತ್ತಿನ ಜೊತೆ ತಿನ್ನಿಸಿದ್ದಳು. "ದಾರಿ ಬಿಟ್ಟೋರು ಸಣ್ಣೋರಾಗಲ್ಲ ಕಣೇ" ಅನ್ನುವುದು ಅವಳ ಮಂತ್ರ. ಬೆಳಗಿನಿಂದ ಗುಬ್ಬಿಯ ಮೇಲೆ ಕೂತು ನಾನು ದಾರಿ ಬಿಡುತ್ತಲೇ ಇದ್ದೆ.

ಕರಿ ಕುದುರೆಯ ಕೋಚ್ ಅಂಗಳದ ನಟ್ಟನಡುವೆ ದೀಪದ ಕಂಬದ ಹಾಗೆ ನಿಂತಿದ್ದ. "ಬೇಲಿ ಬಿಡಬೇಡ! ಅವರೇ ಸರೀತಾರೆ!" ಎಂದು ತನ್ನ ಶಿಷ್ಯೆಗೆ ಕೂಗುತ್ತಿದ್ದ. ಆ ಸುತ್ತಿನಲ್ಲಿ ಬೇಲಿ ನನ್ನ ಬಲಕ್ಕಿತ್ತು. ಎದುರಿನಿಂದ ಬರುತ್ತಿದ್ದ ಆ ಶಿಷ್ಯೆ ನಿಯಮದಂತೆ ನನ್ನ ಎಡಕ್ಕೆ ಬರಬೇಕಿತ್ತು. ಬರಲಿಲ್ಲ. ನಮಗೂ ಬೇಲಿಗೂ ನಡುವೆ ನುಗ್ಗಿದಳು. ಇಕ್ಕಟ್ಟಿಗೆ ಸಿಕ್ಕ ಕರಿ ಕುದುರೆ ಹಿಂಗಾಲು ಬೀಸಿತು. ಏಟು ಗುಬ್ಬಿಯ ಬಲತೊಡೆಗೆ. ಗುಬ್ಬಿ ಕಿರುಚಿತು.

ಅಂಗಳದ ಮೇಲ್ವಿಚಾರಕರು ತಿರುಗಿ ನೋಡಿದ್ದು ಆ ಕಿರುಚಾಟಕ್ಕೆ. ಬಂದರು, ಜೇಬಿನಿಂದ ರಿಬ್ಬನ್ ತೆಗೆದರು, ಕಟ್ಟಿಯೇಬಿಟ್ಟರು. ನಾನು ಕೆಳಗೆ ಜಿಗಿದೆ.

"ಸರ್, ನಮ್ಮದು ಒದ್ದಿಲ್ಲ, ಒದೆ ತಿಂದಿದ್ದು!"

"ಕಿರುಚಿದ್ದು ಇದೇ ತಾನೆ?"

"ಒದೆ ತಿಂದೋರು ಕಿರುಚದೆ ಜೋಗುಳ ಹಾಡ್ತಾರಾ?"

ಕೋಚ್ ನಕ್ಕ. "ಬಾಡಿಗೆ ಕುದುರೆ ಅಲ್ವಾ ಸರ್. ನಡತೆ ಎಲ್ಲಿಂದ ಬರ್ಬೇಕು?"

ಅಷ್ಟರಲ್ಲಿ ಚಿಕ್ಕಮ್ಮ ಬಕೆಟ್ಟು ಹಿಡಿದು ಓಡಿಬಂದಳು. ಒದ್ದೆ ಬಟ್ಟೆಯನ್ನು ಗುಬ್ಬಿಯ ತೊಡೆಗೆ ಒತ್ತಿ, ನಾಲ್ಕು ಹೆಜ್ಜೆ ನಡೆಸಿ ನೋಡಿದಳು. ಸದ್ಯ, ಕುಂಟಲಿಲ್ಲ. ಬಟ್ಟೆ ಸರಿಸಿದರೆ ಅರ್ಧಚಂದ್ರದ ಬಾವು.

"ಲಾಳದ ಅಚ್ಚು ಸರ್, ನೋಡಿ," ಎಂದಳು ಮೆಲ್ಲಗೆ. "ತನ್ನ ತೊಡೆಗೆ ತಾನೇ ಒದ್ಕೊಳ್ಳೋಕೆ ನಮ್ಮ ಗುಬ್ಬಿ ಸರ್ಕಸ್ ಕಲಿತಿಲ್ಲ."

ಮೇಲ್ವಿಚಾರಕರು ಹತ್ತಿರ ಬಂದು ದನಿ ತಗ್ಗಿಸಿದರು. "ನಂಗೂ ಕಣ್ಣಿದೆ ಅಮ್ಮಾ. ಆದ್ರೆ ಈ ಮೈದಾನ ಯಾರದ್ದು ಹೇಳಿ? ಆ ಕರಿ ಕುದುರೆ ಮನೆಯವರದ್ದೇ. ಒಂದು ಗೇಣು ರಿಬ್ಬನ್ನು, ಇವತ್ತೊಂದಿನ ಇರ್ಲಿ ಬಿಡಿ. ನೀವು ಮರ್ಯಾದಸ್ಥರು, ದೊಡ್ಡ ಮನಸ್ಸು ಮಾಡಿ."

ನನ್ನ ಮೈ ಉರಿದುಹೋಯಿತು. ದೊಡ್ಡ ಮನಸ್ಸನ್ನು ಒದ್ದವರ ಹತ್ತಿರ ಯಾರೂ ಕೇಳುವುದಿಲ್ಲ. ಅದೇನಿದ್ದರೂ ಒದೆ ತಿಂದವರ ಪಾಲಿನ ಕಂದಾಯ.

"ಕೋತಿ ತಿಂದು ಮೇಕೆ ಬಾಯಿಗೆ ಒರೆಸೋದು, ಆಮೇಲೆ ಮೇಕೆಗೇ ಬುದ್ಧಿ ಹೇಳೋದು!" ಎಂದೆ.

"ನೀನು ಸುಮ್ನಿರೇ," ಎಂದಳು ಚಿಕ್ಕಮ್ಮ.

ಇದನ್ನೂ ಬಿಟ್ಟುಕೊಡುತ್ತಾಳೆ ಅಂದುಕೊಂಡೆ.

ಅವಳು ಗುಬ್ಬಿಯ ಹಿಂದಕ್ಕೆ ಹೋದಳು. ಪಕ್ಕಕ್ಕಲ್ಲ, ನೇರ ಹಿಂದಕ್ಕೆ. ಒದೆಯುವ ಕುದುರೆಯ ಬಳಿ ಬುದ್ಧಿಯಿದ್ದವರು ಯಾರೂ ನಿಲ್ಲದ ಜಾಗದಲ್ಲಿ, ಎರಡು ಗೊರಸುಗಳ ಎದುರು ಮಂಡಿಯಿಟ್ಟು, ನೊಂದ ತೊಡೆಗೆ ಹಣೆ ತಾಗಿಸಿ ರಿಬ್ಬನ್ನಿನ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ಹಲ್ಲು ಹಚ್ಚಿ ಎಳೆದಳು. ಗುಬ್ಬಿ ಕಿವಿಯನ್ನು ಅತ್ತ ತಿರುಗಿಸಿ, ಒಂದು ನಿಟ್ಟುಸಿರು ಬಿಟ್ಟು, ನಿಂತಲ್ಲೇ ನಿಂತಿತು. ಮಗಳನ್ನು ಎಳೆದುಕೊಂಡಿದ್ದ ತಾಯಿಯ ಕೈ ಸಡಿಲವಾದದ್ದನ್ನು ನಾನು ಕಂಡೆ.

ಕೋಚ್ ಕೂಗಿದ: "ರಿಬ್ಬನ್ ಇಲ್ದೆ ಅದು ಇಲ್ಲಿದ್ರೆ ನಾವು ಸವಾರಿ ಮಾಡಲ್ಲ ಸರ್!"

ಚಿಕ್ಕಮ್ಮ ಎದ್ದು ಮಂಡಿಯ ಮರಳು ಕೊಡವಿದಳು. ರಿಬ್ಬನ್ನನ್ನು ನೀಟಾಗಿ ಸುತ್ತಿ ಮೇಲ್ವಿಚಾರಕರ ಮುಂದೆ ಹಿಡಿದಳು. ಅವರು ಕೈ ಚಾಚಲಿಲ್ಲ.

"ಕಟ್ಟು," ಎಂದರು, ಈಗ ಎಲ್ಲರಿಗೂ ಕೇಳುವ ಹಾಗೆ. "ಕಟ್ಟು, ಇಲ್ಲಾಂದ್ರೆ ಹೊರಗೆ ನಡಿ." ಮರ್ಯಾದಸ್ಥರಿಗೆ ಕೊಟ್ಟಿದ್ದ ಬಹುವಚನ ಅಷ್ಟರಲ್ಲೇ ಮುಗಿದಿತ್ತು.

ಚಿಕ್ಕಮ್ಮ ರಿಬ್ಬನ್ನನ್ನು ಅವರ ಜೇಬಿನೊಳಗೇ ಇಟ್ಟಳು. ಬಗ್ಗಿ, ನನ್ನ ಪಾದಕ್ಕೆ ತನ್ನ ಎರಡು ಅಂಗೈ ಜೋಡಿಸಿ ಕೊಟ್ಟಳು.

"ಕಟ್ಟಲ್ಲ ಸರ್. ಹೊರಗೂ ಹೋಗಲ್ಲ," ಎಂದಳು. "ಹತ್ತೇ ನೀನು."