ಮೊಲಕ್ಕೆ ಹಿಪ್ಪುನೇರಳೆ

ರೇಷ್ಮೆಹುಳ ಹಿಪ್ಪುನೇರಳೆ ಸೊಪ್ಪು ಮೇಯುವುದು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತರೆ ಅಕ್ಕೂರಿನವರು ಅದನ್ನು ಜ್ವರ ಅನ್ನುತ್ತಾರೆ. ಮೈ ಬಿಸಿಯಿಲ್ಲ, ಕಾಯಿಲೆಯಿಲ್ಲ. ಹಳೇ ಪೊರೆ ಕಳಚಿ ಹೊಸದು ತೊಡುವ ಮುಂಚಿನ ನಿದ್ದೆ ಅದು. ಅಲ್ಲಿಯವರೆಗೆ ಹೆಂಚಿನ ಮೇಲೆ ಸೋನೆ ಬಿದ್ದಂತೆ ಕೇಳುತ್ತಿದ್ದ ಮೇಯುವ ಸದ್ದು ತಟ್ಟನೆ ನಿಲ್ಲುತ್ತದೆ, ಹುಳದ ಮನೆಯಲ್ಲಿ ಮನುಷ್ಯರ ದನಿಯೂ ತಾನಾಗಿ ತಗ್ಗುತ್ತದೆ. ಸೌಮ್ಯಶ್ರೀ ಚಿಕ್ಕವಳಿದ್ದಾಗ ಆ ನಿಶ್ಶಬ್ದದಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದಳು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಓದಿದ್ದೂ ಅದನ್ನೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದಾದರೆ ಇವಳಿಗೆ ಹುಳದ ಮಿದುಳು ಮುದ್ದು. ರಾಮನಗರದ ಹೊರಗಿನ ಒಂದು ಪ್ರಯೋಗಾಲಯದಲ್ಲಿ, ಸಾಸಿವೆ ಕಾಳಿಗಿಂತ ಸಣ್ಣದಾದ ಆ ಮಿದುಳನ್ನು ಬಿಡಿಸಿ, ಹುಳವನ್ನು ಮಲಗಿಸುವ ಒಂದು ಪ್ರೋಟೀನು ಅದರಲ್ಲಿ ಎಲ್ಲಿ ಕೂತಿದೆ ಎಂದು ಹುಡುಕುವುದು ಅವಳ ಕೆಲಸ. ಪ್ರೋಟೀನು ಸುಮ್ಮನೆ ಕಣ್ಣಿಗೆ ಕಾಣುವ ವಸ್ತುವಲ್ಲ. ಅದರ ಗುರುತು ಹಿಡಿಯುವವರು ಬೇಕು. ಅಂಥವರನ್ನು ಕೊಡುವುದು ಮೊಲ.

ಆ ಪ್ರೋಟೀನನ್ನು ಒಂದಿಷ್ಟು ಮೊಲಕ್ಕೆ ಚುಚ್ಚಿದರೆ, ಇದ್ಯಾರಪ್ಪ ಹೊಸಬ ಎಂದು ಅದರ ರಕ್ತ ಆ್ಯಂಟಿಬಾಡಿಗಳನ್ನು ತಯಾರಿಸುತ್ತದೆ. ಒಂದೇ ಥರದ್ದಲ್ಲ, ಹತ್ತಾರು ಥರ. ಅದಕ್ಕೇ ಪಾಲಿಕ್ಲೋನಲ್ ಎಂಬ ಹೆಸರು. ಕತ್ತಲಲ್ಲಿ ಬರುವವನನ್ನು ಊರಿನವರು ಒಬ್ಬ ನಡಿಗೆಯಿಂದ, ಇನ್ನೊಬ್ಬ ಕೆಮ್ಮಿನಿಂದ, ಮತ್ತೊಬ್ಬಳು ಬೀಡಿ ವಾಸನೆಯಿಂದ ಗುರುತು ಹಿಡಿಯುವುದಿಲ್ಲವೇ, ಹಾಗೆ. ಆ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಮಿದುಳಿನ ಮೇಲೆ ಹನಿಸಿ, ಹೊಳೆಯುವ ಬಣ್ಣ ಕಟ್ಟಿದರೆ, ಪ್ರೋಟೀನು ಇದ್ದಲ್ಲೆಲ್ಲ ಹಸಿರು ದೀಪ ಹತ್ತುತ್ತದೆ.

ಸೌಮ್ಯಶ್ರೀಯ ಮೊಲದ ಹೆಸರು ಬೆಳ್ಳಿ. ಪ್ರಯೋಗಾಲಯದಲ್ಲಿ ಮೊಲಕ್ಕೆ ಹೆಸರಿಡುವ ಪದ್ಧತಿಯಿಲ್ಲ. ಇಟ್ಟವಳು ಅವಳ ಅವ್ವ ಚನ್ನಬಸಮ್ಮ, ಅದನ್ನು ಒಂದು ಸಲವೂ ನೋಡದೆ. ಮೊಲದ ಮನೆ ನೋಡಿಕೊಳ್ಳುವ ಅಂಕಯ್ಯ ಅಕ್ಕೂರಿನವನೇ ಆದ್ದರಿಂದ ಬೆಳ್ಳಿಯ ಯೋಗಕ್ಷೇಮ ದಿನವೂ ಬಸ್ಸಿನಲ್ಲಿ ಊರು ತಲುಪುತ್ತಿತ್ತು.

ಮೊದಲ ಸಲ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಆ ಕತ್ತಲ ಕೋಣೆಯಲ್ಲಿ ಮಿದುಳು ಹಸಿರಾಗಿ ಅರಳಿತು. ಎಳೆಗಳು, ಎಳೆಯಿಂದ ಕವಲು, ಕವಲಿನಿಂದ ಕೂದಲಿಗಿಂತ ಸಣ್ಣ ಕವಲು, ಒಂದು ಮರವೇ. ಎಚ್ಚರವಿದ್ದ ಹುಳದಲ್ಲಿ ಏನೂ ಇಲ್ಲ. ಜ್ವರಕ್ಕೆ ಕೂತದ್ದರಲ್ಲಿ ಮಾತ್ರ ಈ ಬೆಳಕು. ಚುಚ್ಚುವ ಮುಂಚೆ ತೆಗೆದಿಟ್ಟಿದ್ದ ಬೆಳ್ಳಿಯ ರಕ್ತ ಹನಿಸಿದಾಗಲೂ ಏನೂ ಹೊಳೆದಿರಲಿಲ್ಲ, ಹಾಗಾಗಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ನಿದ್ದೆಗೆ ಒಂದು ಆಕಾರವಿದ್ದರೆ ಇದೇ ಎಂದುಕೊಂಡಳು. ಆಮೇಲಿನ ತಿಂಗಳುಗಳಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನ ಕಿಟಕಿಯಾಚೆ ಬಂಡೆಗಳ ಮೇಲೆ ಬಿಸಿಲು ಜಾರಿದರೂ ಅವುಗಳ ಒಳಗೆ ಹಸಿರು ಎಳೆಗಳು ಹರಿಯುತ್ತಿವೆ ಅನ್ನಿಸುತ್ತಿತ್ತು. ಇಳಿಯುವ ಸ್ಟಾಪು ಮರೆತು ಎಲ್ಲೋ ಇಳಿದು ನಡೆದು ಬಂದದ್ದೂ ಉಂಟು.

ಅವಳ ಗೈಡ್ ಅನಂತರಾಜು ಮೇಷ್ಟ್ರು ಮಾತ್ರ ನೆಲದ ಮೇಲಿದ್ದರು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ. ಲೇಖನ ಕಳ್ಸೋಕೆ ಮುಂಚೆ ಆ ಕೊನೇ ಪರೀಕ್ಷೆ ಒಂದು ಮಾಡ್ಬುಡು."

ಕೊನೇ ಪರೀಕ್ಷೆ ಸರಳವಾದದ್ದು. ಬೆಳ್ಳಿಯ ಸೀರಮ್ಮಿಗೆ ಮೊದಲೇ ಆ ಪ್ರೋಟೀನನ್ನು ಬೆರೆಸಿಟ್ಟರೆ ಆ್ಯಂಟಿಬಾಡಿಗಳೆಲ್ಲ ಅದನ್ನೇ ಹಿಡಿದುಕೊಂಡುಬಿಡುತ್ತವೆ. ಹೊಟ್ಟೆ ತುಂಬಿದವನು ಮತ್ತೆ ಎಲೆ ಮುಂದೆ ಕೂರುವುದಿಲ್ಲ. ಮಿದುಳಿನಲ್ಲಿ ಏನೂ ಹೊಳೆಯಬಾರದು. ಸೌಮ್ಯಶ್ರೀ ನಗುನಗುತ್ತಲೇ ಮಾಡಿದಳು. ಮರ ಹಾಗೇ ಹೊಳೆಯಿತು, ಒಂದು ಎಲೆಯೂ ಉದುರದೆ.

ಬೆಳ್ಳಿಯ ರಕ್ತ ಗುರುತು ಹಿಡಿದದ್ದು ಬೇರೆ ಯಾರನ್ನೋ. ತಾನು ಇಷ್ಟು ಕಾಲ ನಿದ್ದೆ ಎಂದು ಪ್ರೀತಿಸಿದ್ದು ನಿದ್ದೆಯೇ ಅಲ್ಲ. ಮೇಷ್ಟ್ರಿಗೂ ಹೇಳದೆ ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟಳು.

ಚನ್ನಬಸಮ್ಮ ಹುಳದ ಮನೆ ಬಾಗಿಲಲ್ಲಿ ಕೂತು, ಹುಳ ತಿಂದು ಬಿಟ್ಟ ಸೊಪ್ಪನ್ನು ಚೀಲಕ್ಕೆ ತುಂಬುತ್ತಿದ್ದಳು. ಆ ಮನೆಯಲ್ಲಿ ಉಳಿದ ಸೊಪ್ಪು ಎಂದೂ ತಿಪ್ಪೆ ಸೇರಿದ್ದಿಲ್ಲ. ಅದು ಹಾಲು ಕೊಡುವ ಹಸುವಿನ ಪಾಲು.

"ಹಸ ಕಟ್ಟಿರೋದು ಆ ಕಡೆ. ಚೀಲ ಯಾರಿಗವ್ವ?"

"ಬೆಳ್ಳಿಗೆ ಕಣವ್ವ. ಅಂಕಯ್ಯನ ಕೈಲಿ ಕಳುಸ್ತಾನೇ ಇವ್ನಿ. ಹಾಲು ಕೊಡೋ ಹಸಕ್ಕೇ ಇಷ್ಟು ಮಾಡ್ತೀವಿ. ಅದು ನಿನ್ನ ಓದಿಗೆ ರಕ್ತ ಕೊಡೋ ಜೀವ. ಬರೀ ಒಣ ತಿಂಡಿ ತಿನ್ಕೊಂಡಿರಾಕಾಯ್ತದಾ?"

"ಯಾವಾಗಿಂದ ಕಳುಸ್ತಿದ್ದೀಯ?"

"ಸೂಜಿ ಚುಚ್ಚುದ್ವಿ ಅಂತ ಹೇಳ್ದಲ್ಲ, ಅವತ್ನಿಂದ. ಕರುಳು ಚುರುಕ್ ಅಂತು."

ಸೌಮ್ಯಶ್ರೀ ಚೀಲಕ್ಕೆ ಕೈ ಹಾಕಿದಳು. ಬಾಡಿದ ಎಲೆಗಳ ನಡುವೆ ಹುಳಗಳು ಕಳಚಿಟ್ಟ ಪೊರೆಗಳು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿ, ಬೆರಳಿಗೆ ಅಂಟಿದವು. ಆಗ ಅವಳಿಗೆ ಎಲ್ಲವೂ ತಿಳಿಯಿತು. ಬೆಳ್ಳಿ ಸೊಪ್ಪಿನ ಜೊತೆ ಈ ಪುಡಿಯನ್ನೂ ತಿಂದಿದೆ, ಉಸಿರಾಡಿದೆ. ಸೂಜಿಯಿಂದ ಎಚ್ಚೆತ್ತಿದ್ದ ರಕ್ತ ಪ್ರೋಟೀನಿನ ಜೊತೆ ಪೊರೆಯ ಗುರುತನ್ನೂ ಇಟ್ಟುಕೊಂಡಿದೆ. ಹುಳದ ಮಿದುಳಿನ ತುಂಬ ಗಾಳಿಯಾಡುವ, ಕವಲು ಕವಲಾದ ಸಣ್ಣ ಕೊಳವೆಗಳಿವೆ. ಜ್ವರದ ಹೊತ್ತಿನಲ್ಲಿ ಅವುಗಳ ಒಳಗೂ ಹೊಸ ಪೊರೆ ಕಟ್ಟುತ್ತದೆ. ಅವಳ ನಿದ್ದೆಯ ಮರ ಎಂದರೆ ಆ ಪೊರೆ, ಅಷ್ಟೇ.

ಕೋಪ ಬಂತು, ಅಳುವೂ ಬಂತು. ಕೋಪ ಯಾರ ಮೇಲೆಂದು ಗೊತ್ತಾಗದೆ ಅಳುವೇ ಗೆದ್ದಿತು. ಅವ್ವನಿಗೆ ಹೇಳದೆ ಇರಬಹುದಿತ್ತು. ಆದರೆ ಸುಳ್ಳು ಬೆಳಕು ನೋಡಿ ನೋಡಿ ಸಾಕಾಗಿತ್ತು ಅವಳಿಗೆ, ಎಲ್ಲವನ್ನೂ ಹೇಳಿದಳು.

ಚನ್ನಬಸಮ್ಮ ಚೀಲದ ಬಾಯಿ ಕಟ್ಟಿದಳು, ಮತ್ತೆ ಬಿಚ್ಚಿದಳು.

"ನಾನು ಕೆಡುಸ್ಬುಟ್ನಾ ಮಗಾ?"

"ಊಂ ಅವ್ವ."

"ಬೆಳ್ಳಿಗೇನೂ ಆಗಿಲ್ವಲ್ಲ?"

"ಅದಕ್ಕೇನು, ದುಂಡಗೈತೆ."

ಅಳುತ್ತಿದ್ದವಳಿಗೆ ಅಷ್ಟರಲ್ಲಿ ಒಂದು ಯೋಚನೆ ಹೊಳೆಯಿತು. ಮೇಷ್ಟ್ರ ಪರೀಕ್ಷೆಯನ್ನೇ ತಿರುಗಿಸಿ ಹಾಕಬಹುದು. ಸೀರಮ್ಮಿಗೆ ಮೊದಲು ಪೊರೆಯ ಪುಡಿಯನ್ನೇ ಬೆರೆಸಿದರೆ, ಪೊರೆ ಹಿಡಿಯುವವರೆಲ್ಲ ಅದರ ಜೊತೆ ತಳಕ್ಕೆ ಹೋಗುತ್ತಾರೆ. ತಿಳಿಯಲ್ಲಿ ಉಳಿಯುವವರು ಪ್ರೋಟೀನನ್ನು ಬಲ್ಲವರು. ಅಂಥವರು ಯಾರಾದರೂ ಉಳಿದರೆ.

ತಾಯಿ ಮಗಳು ಸೇರಿ ಜ್ವರ ಮುಗಿಸಿ ಎದ್ದ ಹುಳಗಳ ತಟ್ಟೆಗಳಿಂದ ಪೊರೆ ಆಯ್ದರು. ಮಾರನೇ ಬೆಳಿಗ್ಗೆ ಚನ್ನಬಸಮ್ಮ ಸೀರೆ ಬದಲಿಸಿ, ವಿಭೂತಿ ಹಚ್ಚಿಕೊಂಡು, ತಾನೂ ಬಸ್ಸಿಗೆ ಹೊರಟಳು. "ಕೆಡ್ಸಿದೋಳು ನಾನು. ಏನಾಯ್ತದೆ ಅಂತ ನಾನೇ ನೋಡ್ಬೇಕು," ಅಂದಳು.

ಪುಡಿ ಬೆರೆಸಿ, ಸೋಸಿ, ತಿಳಿ ತೆಗೆದು, ಮಿದುಳಿಗೆ ಹನಿಸಿ, ಬಣ್ಣ ಕಟ್ಟುವವರೆಗೆ ಒಂದೆರಡು ದಿನವೇ ಹಿಡಿಯಿತು. ಚನ್ನಬಸಮ್ಮ ಊರಿಗೆ ಹೋಗಿ ಮತ್ತೆ ಬಂದಳು. ಕತ್ತಲ ಕೋಣೆಯಲ್ಲಿ ಮಗಳ ಪಕ್ಕ ಸ್ಟೂಲಿನ ಮೇಲೆ ಕೂತಳು.

ಸೌಮ್ಯಶ್ರೀ ಕಣ್ಣಿಟ್ಟಳು. ಮರ ಇರಲಿಲ್ಲ. ಬರೀ ಕಪ್ಪು. ಆದರೂ ಕಣ್ಣು ತೆಗೆಯಲು ಮನಸ್ಸಾಗದೆ ಹಾಗೇ ಕೂತಳು. ಕತ್ತಲು ನಿಧಾನವಾಗಿ ಪದರ ಪದರವಾಗಿ ತೆಳುವಾಗುತ್ತ ಹೋಯಿತು. ಆಗ, ಎಡಕ್ಕೊಂದು ಬಲಕ್ಕೊಂದು, ಗುಂಡನೆಯ ಎರಡು ಮಸುಕು ಚುಕ್ಕೆ. ಧೂಳೇನೋ ಎಂದು ಇನ್ನೊಂದು ಮಿದುಳು ನೋಡಿದಳು. ಅಲ್ಲೂ ಅದೇ ಜಾಗದಲ್ಲಿ ಎರಡು. ಪುಡಿಯ ಜೊತೆ ಪ್ರೋಟೀನನ್ನೂ ಬೆರೆಸಿದ್ದ ಸೀರಮ್ಮಿನ ಸ್ಲೈಡ್ ಇಟ್ಟಳು. ಎರಡೂ ಆರಿಹೋಗಿದ್ದವು, ಆರಬೇಕಾದಂತೆಯೇ.

"ಅವ್ವ, ಎರಡವೆ."

"ಎರಡೇಯಾ?"

"ಎರಡೇ. ಆದ್ರೆ ದಿಟವಾದವು."

ಚನ್ನಬಸಮ್ಮ ಕತ್ತಲಲ್ಲಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಹಂಗಾದ್ರೆ ನಾನು ಕೆಡ್ಸಿದ್ದು ಎಷ್ಟು?"

"ಮಿಕ್ಕಿದ್ದೆಲ್ಲಾ."

ಮೊದಲು ನಕ್ಕವಳು ಅವ್ವ. ಸೆರಗು ಬಾಯಿಗಿಟ್ಟು ನಕ್ಕಳು, ಕಣ್ಣೊರೆಸಿಕೊಂಡಳು, ಆಮೇಲೆ ಮಗಳನ್ನು ಪಕ್ಕಕ್ಕೆ ಸರಿಸಿ ತಾನೇ ಮೈಕ್ರೋಸ್ಕೋಪಿಗೆ ಬಗ್ಗಿದಳು. ಚುಕ್ಕೆಗಳು ಕಾಣುವವರೆಗೂ ಕಣ್ಣು ಕೀಳಲಿಲ್ಲ.

"ಅಯ್ಯೋ ಶಿವನೇ," ಅಂದಳು ಕೊನೆಗೆ, "ಇಷ್ಟೇ ಇಷ್ಟು ಬೆಳಕು ಸಾಕಾ, ಒಂದು ಜೀವ ಮಲಗಾಕೆ?"

ಸೌಮ್ಯಶ್ರೀ ಅವಳ ಭುಜದ ಮೇಲೆ ಕೈಯಿಟ್ಟು, ಅವಳು ಸಾಕೆನ್ನುವವರೆಗೂ ಪಕ್ಕದಲ್ಲೇ ನಿಂತಳು.