ಎರಡರಿಂದ ಮೂರಕ್ಕೆ

"ಇನ್ನೊಂಚೂರು ತಳ್ಳಿ, ಸ್ಟೇರಿಂಗ್ ನಾನು ಹಿಡ್ಕೊಂಡಿದೀನಿ," ಎಂದಳು ಮಗಳು.

ನಾಲ್ಕು ಜನ ಹಿಂದಿನಿಂದ ತಳ್ಳಿದರು. ಬಿಳಿ ಕಾರು ಲಿಫ್ಟಿನ ಎರಡು ಕಂಬಗಳ ನಡುವಿನಿಂದ ಉರುಳಿ ಅಂಗಳಕ್ಕೆ ಬಂತು. ಅದು ಹೊರಗೆ ಬಾರದೆ ಅಪ್ಪನನ್ನು ಮಲಗಿಸಲು ಜಾಗವಿರಲಿಲ್ಲ. ಮನೆ ಇದ್ದದ್ದು ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ. ಇಕ್ಕಟ್ಟಾದ ಮೆಟ್ಟಿಲು, ತಿರುವಿನಲ್ಲಿ ಒಬ್ಬರು ಹತ್ತಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು.

"ಕೆಳಗೇ ಇರ್ಲಿ ಬಿಡು," ಎಂದಿದ್ದಳು ಅಮ್ಮ. "ಅವರು ಮೇಲಿದ್ದದ್ದಾದ್ರೂ ಯಾವಾಗ? ಊಟಕ್ಕೆ ಮೂರು ಸಲ ಕೂಗ್ಬೇಕಿತ್ತು."

ತೀರಿಕೊಂಡವನಿಗೆ ಒಂದು ಒಳ್ಳೆಯ ಹೆಸರಿತ್ತು. ಅದು ಗೊತ್ತಿದ್ದದ್ದು ಕರೆಂಟ್ ಬಿಲ್ಲು ತರುವವನಿಗೆ ಮಾತ್ರ. ಉಳಿದವರಿಗೆಲ್ಲ ಅವನು ಜರ್ಕಪ್ಪ. ಗೇರು ತಾನಾಗಿಯೇ ಬದಲಾಗುವ ಕಾರುಗಳು ಮುನಿಸಿಕೊಂಡು ಒದೆಯಲು ಶುರುಮಾಡಿದರೆ ಜನ ಅವನ ಹತ್ತಿರ ಬರುತ್ತಿದ್ದರು, ಅವನು "ಜರ್ಕ್ ಎಲ್ಲಿ? ಒಂದರಿಂದ ಎರಡಕ್ಕಾ, ಎರಡರಿಂದ ಮೂರಕ್ಕಾ?" ಎಂದು ಶುರುಮಾಡುತ್ತಿದ್ದ. ನಮಸ್ಕಾರ, ಚೆನ್ನಾಗಿದೀರಾ ಇತ್ಯಾದಿಗಳೆಲ್ಲ ಆಮೇಲೆ. ಹೀಗಾಗಿ ಆ ಹೆಸರು. ಅವನೂ ಅದನ್ನು ಪ್ರೀತಿಯಿಂದಲೇ ಒಪ್ಪಿಕೊಂಡಿದ್ದ.

ಹತ್ತು ಗಂಟೆಯ ಹೊತ್ತಿಗೆ ವರ್ಕ್‌ಶಾಪ್ ತುಂಬಿತು. ಬಂದವರಲ್ಲಿ ಅರ್ಧದಷ್ಟು ಮುದುಕ ಮೆಕ್ಯಾನಿಕ್‌ಗಳು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವರಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಟೂಲ್ ಬೋರ್ಡಿನ ಸ್ಪಾನರುಗಳನ್ನು ಸೈಜಿನ ಪ್ರಕಾರ ಸರಿಮಾಡುತ್ತ ನಿಂತರು. ಬಿಡಿಭಾಗದ ಅಂಗಡಿಯವನು ಮಗಳ ಹತ್ತಿರ ಬಂದ.

"ಹೋದ ವಾರ ನನ್ನ ಅಂಗಡಿ ಸ್ಟೂಲ್ ಮೇಲೆ ಕೂತಿದ್ದ ಕಣಮ್ಮ. ಬರೀ ನಿಂದೇ ಮಾತು. ಟೀಚರ್ ಕಾರಿನ ಜರ್ಕ್ ನನ್ನ ಕೈಗೆ ಸಿಗ್ಲಿಲ್ಲ, ನನ್ನ ಮಗಳ ಕೈಗೆ ಸಿಕ್ತು ಅಂತ. ಹತ್ತು ಸಲ ಹೇಳಿರಬೇಕು."

"ನನಗೂ ಹೇಳಿದ್ದ," ಎಂದ ಟಿಂಕರ್. ಪಕ್ಕದ ಶೆಡ್ಡಿನಲ್ಲಿ ಮೂವತ್ತು ವರ್ಷ ಕಾರುಗಳ ಡೊಂಕು ಬಡಿದು ಬಡಿದು ಅರ್ಧ ಕಿವುಡಾಗಿದ್ದ ಅವನು, ಜರ್ಕಪ್ಪನಿಗೆ ಇದ್ದ ಒಬ್ಬನೇ ಆಪ್ತ. "ಸೋತು ಇಷ್ಟು ಖುಷಿಪಟ್ಟವನನ್ನ ನಾನು ನೋಡಿಲ್ಲ."

ಮಗಳು ತಲೆ ತಗ್ಗಿಸಿದಳು. ಟೀಚರ್ ಕಾರಿನ ವಿಷಯಕ್ಕೆ ಅಪ್ಪನಿಗೆ ತಾನು ಆಡಿದ ಮಾತು ಎಂಟು ತಿಂಗಳಿಂದ ಅವಳ ಎದೆಯಲ್ಲಿ ಕೂತಿತ್ತು. ಒರಟಾಗಿ ಆಡಿದರೂ ಆಡಿದ್ದು ನಿಜವನ್ನೇ ಎನ್ನುವುದೊಂದೇ ಸಮಾಧಾನ.

*

ಗೇರು ತಾನೇ ಬದಲಾಗುವ ಮೊದಲ ಕಾರು ವರ್ಕ್‌ಶಾಪಿಗೆ ಬಂದಾಗ ಮಗಳಿಗೆ ಐದು ವರ್ಷ. ಉಳಿದ ಗ್ಯಾರೇಜಿನವರೆಲ್ಲ ಬಾನೆಟ್ ಎತ್ತಿ, ಒಳಗೆ ಇಣುಕಿ, ಕೈ ತೊಳೆದುಕೊಂಡು ಕಳಿಸಿದ ಕಾರು ಅದು. ಜರ್ಕಪ್ಪನಿಗೂ ಏನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

ಕೆಳಗೆ ಧೂಳು. ಹಾಗಾಗಿ ಗೇರ್‌ಬಾಕ್ಸಿನ ಒಳಗಿನ ವಾಲ್ವುಗಳ ಪೆಟ್ಟಿಗೆಯನ್ನು ಮೇಲಕ್ಕೆ ಹೊತ್ತು ತಂದು, ಇದ್ದುದರಲ್ಲಿ ಹೊಸ ಬಿಳಿ ಬೆಡ್‌ಶೀಟನ್ನು ನಡುಮನೆಯಲ್ಲಿ ಹಾಸಿ, ಅದರ ಮೇಲೆ ಬಿಚ್ಚಿದ. ಸ್ಪ್ರಿಂಗುಗಳು, ಕಡ್ಡಿಯಂಥ ವಾಲ್ವುಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡುಗಳು. ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟ. ಮೂರು ದಿನ ಆ ಕೋಣೆಯಲ್ಲಿ ಯಾರೂ ಫ್ಯಾನು ಹಾಕುವಂತಿಲ್ಲ, ಓಡುವಂತಿಲ್ಲ, ಜೋರಾಗಿ ಸೀನುವಂತಿಲ್ಲ. ಅಮ್ಮ ಅಡುಗೆಮನೆಗೆ ಗೋಡೆಯ ಅಂಚಿನಲ್ಲೇ ನಡೆದು ಹೋಗುತ್ತಿದ್ದಳು.

ಜೋಡಿಸಿ ಓಡಿಸಿದರೆ ಕಾರು ಮೂರನೇ ಗೇರಿಗೆ ಬೀಳುವಾಗ ಕತ್ತೆಯ ಹಾಗೆ ಒದೆಯಿತು. ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ, ಮತ್ತೆ ಒದೆ. ನಾಲ್ಕನೇ ದಿನ ಅಮ್ಮ ಗುಡಿಸುವಾಗ ಕಪಾಟಿನ ಕಾಲಿನ ಹತ್ತಿರ ಒಂದು ಗುಂಡು ಸಿಕ್ಕಿತು. ಅದನ್ನು ತಟ್ಟೆಯಲ್ಲಿಟ್ಟು ಅನ್ನದ ಬದಲು ಅವನ ಮುಂದಿಟ್ಟಳು.

"ಇದು ನಿಮ್ಮದಾ, ನಂದಾ?"

ಜರ್ಕಪ್ಪ ಆ ಕತೆಯನ್ನು ತನ್ನ ಬಗ್ಗೆ ತಾನೇ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಅವತ್ತಿನಿಂದ ಅವನೊಂದು ಪದ್ಧತಿ ಹಿಡಿದ. ಕಾರಿನಲ್ಲಿ ಕೂತು ಹೋಗದೆ ಒಂದು ನಟ್ಟನ್ನೂ ಮುಟ್ಟುವುದಿಲ್ಲ. ಕೂರುವುದೂ ಹಿಂದಿನ ಸೀಟಿನಲ್ಲಿ, ಓಡಿಸುವವರ ಬೆನ್ನ ಹಿಂದೆ. ಕಾರಿನ ಯಜಮಾನರೇ ಓಡಿಸಬೇಕು, ಇವನು ಕಿಟಕಿಯಾಚೆ ನೋಡುತ್ತ ಅವರ ಮಕ್ಕಳ ಮದುವೆ, ಮಂಡಿನೋವು ಎಲ್ಲ ವಿಚಾರಿಸಬೇಕು.

"ಮುಂದೆ ಕೂತ್ರೆ ಕಿವಿ ಮಧ್ಯೆ ಬಾಯಿ ಹಾಕುತ್ತೆ," ಎನ್ನುತ್ತಿದ್ದ. "ಹಿಂದೆ ಕೂತ್ರೆ ಸೊಂಟ ನಿಜ ಹೇಳುತ್ತೆ."

*

ಎಂಟು ತಿಂಗಳ ಹಿಂದೆ ಟೀಚರ್ ತಮ್ಮ ಬೂದು ಕಾರನ್ನು ತಂದರು. ಮಗಳಿಗೆ ಶಾಲೆಯಲ್ಲಿ ಲೆಕ್ಕ ಕಲಿಸಿದವರು, ಈಗ ನಿವೃತ್ತಿಯಾಗಿದ್ದಾರೆ. ಕಾರು ಬಿಸಿಯಾದ ಮೇಲೆ, ಏರಿನಲ್ಲಿ, ಎರಡರಿಂದ ಮೂರಕ್ಕೆ ಹೋಗುವಾಗ ಒದೆಯುತ್ತಿತ್ತು.

ಜರ್ಕಪ್ಪ ಹಿಂದೆ ಕೂತು ಒಂದು ಸುತ್ತು ಹೋಗಿಬಂದ.

"ಗೇರ್‌ಬಾಕ್ಸ್ ಚೆನ್ನಾಗಿದೆ," ಎಂದ. "ಇಂಜಿನ್ ಕೂತಿರೋ ರಬ್ಬರ್ ಮೌಂಟು ಹರಿದಿದೆ. ಸರಿಯಾಗಿ ನೋಡು, ಸದ್ದು ಒಂದಲ್ಲ, ಎರಡು. ಮೊದಲನೇದು ಗೇರು ಬಿದ್ದದ್ದು. ಅದರ ಹಿಂದೇನೇ ಇನ್ನೊಂದು ಸಣ್ಣದು. ಅದು ಎದ್ದ ಇಂಜಿನ್ನು ವಾಪಸ್ ಕೂರೋ ಸದ್ದು."

ಮಗಳು ಆಗಲೇ ಕಾರಿನ ದೋಷ ಓದುವ ಸ್ಕ್ಯಾನರ್ ಚುಚ್ಚಿದ್ದಳು. ಅವಳಿಗೂ ಎಂಟು ವರ್ಷದ ಅನುಭವ. ವರ್ಕ್‌ಶಾಪ್ ಈಗ ಅವಳದೇ. ಪರದೆಯ ಮೇಲೆ ಗೇರ್‌ಬಾಕ್ಸಿನ ಎಣ್ಣೆ ನಿಯಂತ್ರಿಸುವ ಒಂದು ವಾಲ್ವಿನ ಎರರ್ ಕಾಣುತ್ತಿತ್ತು.

"ವಾಲ್ವಿಂದು ಅಪ್ಪ. ಇಲ್ಲೇ ಬರೆದಿದೆ."

"ಅದು ಹಳೇದಿರಬಹುದು. ಅಳಿಸಿ ಇನ್ನೊಂದ್ಸಲ ಓಡ್ಸಿ ನೋಡು. ಒಂದ್ಸಲ ಹಿಂದೆ ಕೂತು ನೋಡು."

ಅವತ್ತು ಅಂಗಳದಲ್ಲಿ ಇನ್ನೂ ಮೂರು ಕಾರುಗಳು ಕಾಯುತ್ತಿದ್ದವು. ಅಪ್ಪ ಎರಡು ದಿನದ ಹಿಂದೆ ಇನ್ನೊಂದು ಕಾರಿನ ವಿಷಯದಲ್ಲಿ ಎಡವಿದ್ದ. ಮಗಳಿಗೆ ತಾಳ್ಮೆ ತಪ್ಪಿತು.

"ನಿಮ್ಮ ಸೊಂಟಕ್ಕೆ ವಯಸ್ಸಾಯ್ತು ಅಪ್ಪ. ನಿಮಗೆ ಈಗ ಗೊತ್ತಾಗ್ತಿಲ್ಲ. ಸುಮ್ನೆ ಬಿಟ್ಬಿಡಿ."

ಟೀಚರ್ ಎದುರಿಗೇ ಹೇಳಿದಳು. ಕಾರಿನ ಹಿಂದಿನ ಬಾಗಿಲು ತೆರೆದೇ ಇತ್ತು, ಜರ್ಕಪ್ಪ ಅದನ್ನು ಮೆಲ್ಲಗೆ ಹಾಕಿದ. ಮಗಳು ವಾಲ್ವು ಬದಲಿಸಿ, ಗೇರ್‌ಬಾಕ್ಸಿನ ಕಂಪ್ಯೂಟರಿನ ನೆನಪನ್ನೆಲ್ಲ ಅಳಿಸಿ ಕೊಟ್ಟಳು. ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ಓಡಿತು. ಅದಾದ ಮೇಲೆ ಜರ್ಕಪ್ಪ ಯಾರ ಕಾರಿನಲ್ಲೂ ಹಿಂದೆ ಕೂರಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಹಳೆಯ ಬೋಲ್ಟುಗಳನ್ನು ಡಬ್ಬಿಗಳಲ್ಲಿ ವಿಂಗಡಿಸುತ್ತಿದ್ದ.

*

ಶವದ ವ್ಯಾನು ಮುಂದೆ ಹೊರಟಿತು. ಅದರ ಹಿಂದೆ ಟೀಚರ್ ಕಾರು. ಟೀಚರೇ ಬಂದು, "ನೀವು ಮೂವರೂ ನನ್ನ ಜೊತೆ ಬನ್ನಿ," ಎಂದು ಕರೆದಿದ್ದರು. ಅಮ್ಮ ಮುಂದೆ ಕೂತಳು. ಹಿಂದೆ ಟಿಂಕರ್, ಟೀಚರ್ ಬೆನ್ನ ಹಿಂದೆ ಮಗಳು. ಊರು ದಾಟುವಾಗ ಅಮ್ಮ, "ಅವರ ಕನ್ನಡಕ ಮೇಲೇ ಉಳೀತು," ಎಂದಳು.

ಸ್ಮಶಾನ ಗುಡ್ಡದ ಮೇಲಿತ್ತು. ಏರು ಶುರುವಾಯಿತು. ಒಂದು, ಎರಡು. ವ್ಯಾನು ಸ್ವಲ್ಪ ಮುಂದಾದದ್ದು ನೋಡಿ ಟೀಚರ್ ಕಾಲು ಒತ್ತಿದರು. ಮೂರನೇ ಗೇರು ಬಿತ್ತು.

ಕಾರು ಒದೆಯಿತು. ಅದರ ಬೆನ್ನಿಗೇ, ಮಗಳ ಸೀಟಿನ ಕೆಳಗೆ, ಇನ್ನೊಂದು ಸಣ್ಣ ಸದ್ದು.

ತಿರುವಿನಲ್ಲಿ ಕಾರು ಎರಡಕ್ಕೆ ಇಳಿದು ಮತ್ತೆ ಮೂರಕ್ಕೆ ಹೋಯಿತು. ಈ ಸಲ ಅವಳು ಎಣಿಸಿದಳು. ಎರಡೇ.

"ಟೀಚರ್, ಇದು ಯಾವಾಗಿಂದ?"

ಟೀಚರ್ ಕನ್ನಡಿಯಲ್ಲಿ ಅವಳನ್ನು ನೋಡಿದರು. "ನೀನು ರಿಪೇರಿ ಮಾಡಿದ ಮೂರು ವಾರಕ್ಕೇ ಮತ್ತೆ ಶುರುವಾಯ್ತು."

"ಮತ್ತೆ ಯಾಕೆ ಬರ್ಲಿಲ್ಲ?"

"ಹೇಗೆ ಬರ್ಲಿ? ಅವತ್ತು ನಿಮ್ಮಿಬ್ಬರನ್ನೂ ನೋಡಿದ್ನಲ್ಲ. ಮತ್ತೆ ತಂದ್ರೆ ಮನೆಯಲ್ಲಿ ರಂಪ ಆಗುತ್ತೆ ಅಂದ್ಕೊಂಡೆ." ಕನ್ನಡಿಯಿಂದ ಕಣ್ಣು ತೆಗೆದು ಮುಂದುವರಿಸಿದರು. "ನಿಮ್ಮಪ್ಪ ಒಂದಿನ ದಾರಿಯಲ್ಲಿ ಸಿಕ್ಕಿ ಕೇಳಿದ್ರು, ಜರ್ಕ್ ಹೋಯ್ತಾ ಅಂತ. ಪೂರ್ತಿ ಹೋಯ್ತು, ನಿಮ್ಮ ಮಗಳು ಬಹಳ ಜಾಣೆ ಅಂದೆ. ಅವರ ಮುಖ ಅಷ್ಟಗಲ ಆಯ್ತಮ್ಮ. ಒಳ್ಳೇದೇ ಮಾಡ್ದೆ ಅಂದ್ಕೊಂಡಿದ್ದೆ."

ಟಿಂಕರ್ ಕಿಟಕಿಯಾಚೆ ನೋಡಿದ. ಅಮ್ಮ ತಿರುಗಲಿಲ್ಲ.

"ಅವತ್ತು ಮನೆಗೆ ಬಂದು ಹೇಳಿದ್ರು," ಎಂದಳು ಅಮ್ಮ, ಗಾಜಿನ ಕಡೆಗೇ ನೋಡುತ್ತ. "ನಂಗೆ ಎರಡು ಸದ್ದು ಕೇಳಿಸಿತ್ತು ಕಣೇ, ಒಂದೇ ಇತ್ತಂತೆ ಅಂದ್ರು. ನಕ್ಕೊಂಡೇ ಅಂದ್ರು."

ಗುಡ್ಡದ ಮೇಲೆ ಕಾಯಬೇಕಾಯಿತು. ಅಗೆಯುವಾಗ ಬಂಡೆ ಸಿಕ್ಕಿತ್ತಂತೆ, ಇನ್ನರ್ಧ ಗಂಟೆ ಎಂದರು. ಮಗಳು ಬೂದು ಕಾರಿನ ಬಾನೆಟ್ ಎತ್ತಿದಳು. ಟೀಚರನ್ನು ಒಳಗೆ ಕೂರಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಗೇರನ್ನು ಮುಂದಕ್ಕೆ, ರಿವರ್ಸಿಗೆ, ಮತ್ತೆ ಮುಂದಕ್ಕೆ ಹಾಕಲು ಹೇಳಿದಳು. ಗೇರು ಬಿದ್ದಾಗಲೆಲ್ಲ ಇಂಜಿನ್ನಿನ ಬಲಬದಿ ಎರಡು ಬೆರಳಿನಷ್ಟು ಎದ್ದು ಧೊಪ್ಪನೆ ಕೂರುತ್ತಿತ್ತು. ಕೈ ಹಾಕಿ ಸವರಿದರೆ ಮೌಂಟಿನ ರಬ್ಬರು ಉದ್ದಕ್ಕೂ ಸೀಳಿತ್ತು. ಕಂಪ್ಯೂಟರಿನ ನೆನಪು ಅಳಿಸಿದ್ದರಿಂದ ಗೇರು ಕೆಲವು ವಾರ ಮೆತ್ತಗೆ ಬಿದ್ದಿತ್ತು, ಅಷ್ಟೇ. ಮೂರು ಬೋಲ್ಟಿನ ಕೆಲಸ. ಎಂಟು ತಿಂಗಳ ಹಿಂದೆ ಇಷ್ಟನ್ನು ನೋಡಲು ಎರಡು ನಿಮಿಷ ಸಾಕಿತ್ತು.

ಟಿಂಕರ್ ಅವಳ ಪಕ್ಕ ಬಾಗಿ ನೋಡಿದ. ಆಮೇಲೆ ಬಾನೆಟ್ ಮುಚ್ಚಿದ.

"ಯಾರಿಗೂ ಹೇಳ್ಬೇಡ," ಎಂದ ಮೆಲ್ಲಗೆ. ಅರ್ಧ ಕಿವುಡನ ಮೆಲುದನಿ, ಅಮ್ಮನಿಗೂ ಕೇಳಿಸಿತು. "ಇವತ್ತು ಬಂದಿರೋರಲ್ಲಿ ಅರ್ಧ ಜನ ಗ್ಯಾರೇಜಿನವರು. ತಮ್ಮ ಕೈಲಾಗದ ಕಾರನ್ನ ನಿನ್ನ ಹತ್ರ ಕಳಿಸೋರು. ಹೊಟ್ಟೆಪಾಡಿನ ವಿಷಯ."

"ಹೌದು," ಎಂದಳು ಅಮ್ಮ. "ಅವರು ಖುಷಿಯಾಗೇ ಹೋದ್ರಲ್ಲ. ಹಾಗೇ ಇರ್ಲಿ ಬಿಡು."

"ತನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡು ಹೋದ್ರಲ್ಲಮ್ಮ," ಎಂದಳು ಮಗಳು. ಅವಳಿಗೆ ಅಳು ಬಂದದ್ದು ಆಗಲೇ, ಬೆಳಗಿನಿಂದ ಮೊದಲ ಸಲ. "ನಾನು ಹೇಳಿದ್ದಕ್ಕೆ ಹಾಗಂದ್ಕೊಂಡ್ರು. ಹತ್ತು ಜನರಿಗೆ ಹಾಗೇ ಹೇಳ್ಕೊಂಡು ಬಂದ್ರು."

ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆದರೆ ಹೇಳು ಎಂದು ಹೇಳಲಿಲ್ಲ.

ಮಣ್ಣು ಹಾಕುವ ಮೊದಲು ಯಾರಾದರೂ ಎರಡು ಮಾತಾಡಿ ಎಂದರು. ಬಿಡಿಭಾಗದ ಅಂಗಡಿಯವನು ಮಾತಾಡಿದ. ಜರ್ಕಪ್ಪನ ಗುಂಡಿನ ಕತೆ ಹೇಳಿ ನಗಿಸಿದ, ಕೊನೆಗೆ ಟೀಚರ್ ಕಾರಿನ ವಿಷಯಕ್ಕೆ ಬಂದ. "ಸೋತೆ ಅಂತ ಎದೆಯುಬ್ಬಿಸಿ ಹೇಳ್ಕೊಂಡ ಮೆಕ್ಯಾನಿಕ್ ಇವನೊಬ್ಬನೇ," ಎಂದ. ಎಲ್ಲರೂ ಮಗಳ ಕಡೆ ನೋಡಿದರು. ಅವಳು ಮುಂದೆ ಬಂದಳು.

"ಅಪ್ಪ ಸೋತಿರಲಿಲ್ಲ," ಎಂದಳು. ದನಿ ಸಣ್ಣದಾಯಿತೆಂದು ಇನ್ನೊಮ್ಮೆ ಹೇಳಿದಳು. "ಟೀಚರ್ ಕಾರಿನಲ್ಲಿ ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಬಲಗಡೆ ಮೌಂಟು ಹರಿದಿದೆ. ಅಪ್ಪ ಅವತ್ತೇ ಹೇಳಿದ್ರು. ನಾನು ಹಳೇ ಎರರ್ ನೋಡಿ ಬೇರೆ ಏನೋ ಬದಲಾಯಿಸ್ದೆ. ಅವರಿಗೆ ಏನೂ ಗೊತ್ತಾಗಲ್ಲ ಅಂತ ಬಾಯಿಗೆ ಬಂದಂತೆ ಅಂದೆ. ಜರ್ಕ್ ಇನ್ನೂ ಇದೆ. ಕಾರು ಗೇಟಿನ ಹತ್ರ ನಿಂತಿದೆ, ಬೇಕಿದ್ರೆ ನೋಡಿ."

ಟಿಂಕರ್ ಹಣೆ ಒತ್ತಿಕೊಂಡ. ಮಣ್ಣು ಬಿತ್ತು.

ಎಲ್ಲ ಮುಗಿದ ಮೇಲೆ ಜನ ಗೇಟಿನ ಕಡೆ ನಡೆದರು. ಮಗಳು ಅವರ ಮುಖ ನೋಡದೆ ಬೂದು ಕಾರಿನ ಹತ್ತಿರ ನಿಂತಿದ್ದಳು. ಬಿಡಿಭಾಗದ ಅಂಗಡಿಯವನು ಬಂದು ಅವಳನ್ನಲ್ಲ, ಟೀಚರನ್ನು ಮಾತಾಡಿಸಿದ.

"ಟೀಚರ್, ಒಂದೇ ಒಂದ್ಸಲ ಈ ಏರು ಹತ್ತಿಸ್ತೀರಾ? ನಾನು ಹಿಂದೆ ಕೂತ್ಕೋತೀನಿ."

"ನಂಗೆ ಮಂಡಿ ನೋವು," ಎಂದು ಟೀಚರ್ ಕೀಲಿಯನ್ನು ಮಗಳಿಗೆ ಕೊಟ್ಟರು.

ಅವಳು ಗುಡ್ಡದ ಬುಡದವರೆಗೆ ಇಳಿದು ಮತ್ತೆ ಹತ್ತಿಸಿದಳು. ಮೂರನೇ ಗೇರು ಬಿದ್ದಾಗ ಹಿಂದಿನ ಸೀಟಿನಿಂದ ಉಸಿರು ಬಿಟ್ಟದ್ದು ಕೇಳಿಸಿತು. ಮೇಲೆ ಬಂದು ಇಳಿದವನು ಕಾಯುತ್ತಿದ್ದವರಿಗೆ ಎರಡು ಬೆರಳು ತೋರಿಸಿದ. ಇನ್ನೊಬ್ಬ ಮುದುಕ ಬಾಗಿಲು ತೆರೆದು ಕೂತ. ಆಮೇಲೆ ಮತ್ತೊಬ್ಬ. ಮನೆಗೆ ಹೊರಟವರೂ ವಾಪಸ್ ಬಂದರು. ಯಾರೂ ಹೇಳದೆಯೇ ಗೇಟಿನ ಗೋಡೆಯುದ್ದಕ್ಕೂ ಒಂದು ಸಾಲು ಬೆಳೆಯಿತು. ಇಸ್ತ್ರಿ ಅಂಗಿಯ ಮೆಕ್ಯಾನಿಕ್‌ಗಳು ಕೈ ಹಿಂದೆ ಕಟ್ಟಿಕೊಂಡು, ಬಿಸಿಲಿನಲ್ಲಿ ನಿಂತರು. ಕೇಳಿಸುತ್ತೋ ಇಲ್ಲವೋ, ಟಿಂಕರ್ ಕೂಡ ನಿಂತ.

ಆರನೆಯ ಸಲ ಮೇಲೆ ಬಂದು ಕಾರು ನಿಲ್ಲಿಸಿದಾಗ ಮಗಳು ಸಾಲಿನ ತುದಿಯನ್ನು ನೋಡಿದಳು. ಎಲ್ಲರಿಗಿಂತ ಹಿಂದೆ ಅಮ್ಮ, ಚಪ್ಪಲಿಗೆ ಅಂಟಿದ್ದ ಹಸಿ ಮಣ್ಣನ್ನು ಹುಲ್ಲಿಗೆ ಒರೆಸಿಕೊಳ್ಳುತ್ತ, ತನ್ನ ಸರದಿಗೆ ಕಾಯುತ್ತಿದ್ದಳು.