ಮಾಳಿಗೆಯ ಮೇಲಿನ ಸವತಿ

ನಾನು ಒಂದು ಡೀಸೆಲ್ ಇಂಜಿನ್ನು. ಹುಟ್ಟಿದ್ದು ಕೊಲ್ಹಾಪುರದ ಒಂದು ಕಾರ್ಖಾನೆಯಲ್ಲಿ, ಬೆಳೆದದ್ದು ಗದಗಿನ ಕಡೆಯ ಒಬ್ಬ ರೈತನ ಬಾವಿಯ ದಂಡೆಯಲ್ಲಿ. ಬಾವಿಗೆ ಕರೆಂಟು ಬಂದದ್ದೇ ತಡ, ನನ್ನನ್ನು ಚಕ್ಕಡಿಗೆ ಹೇರಿ ಬಸಲಿಂಗವ್ವನ ಹಿಟ್ಟಿನ ಗಿರಣಿಗೆ ಮಾರಿದರು.

ಅಲ್ಲಿ ಇಪ್ಪತ್ತಾರು ವರ್ಷ ನಾನೇ ರಾಣಿ. ನಾನು ಗುಡುಗಿದರೆ ಊರಿಗೆ ರೊಟ್ಟಿ, ಇಲ್ಲದಿದ್ದರೆ ಉಪವಾಸ. ಬಸಲಿಂಗವ್ವ ತನ್ನ ಹಳೇ ಸೀರೆಯ ತುಂಡಿನಿಂದ ದಿನಾ ನನ್ನ ಮೈ ಒರೆಸುತ್ತಿದ್ದಳು. ದಸರೆಯ ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಮೊದಲ ಕುಂಕುಮ ನನ್ನ ಪಕ್ಕದ ಭಾರದ ಗಾಲಿಗೇ.

ಎರಡು ವರ್ಷದ ಹಿಂದೆ ಸವತಿ ಬಂದಳು. ಬಸಲಿಂಗವ್ವನ ಸೊಸೆ ನೇತ್ರಾ ಧಾರವಾಡದಲ್ಲಿ ತರಬೇತಿ ಮುಗಿಸಿ, ಸರ್ಕಾರದ ಯೋಜನೆಯಲ್ಲಿ ಸೋಲಾರ್ ಹಲಗೆಗಳನ್ನು ತಂದು ಮಾಳಿಗೆಗೆ ಏರಿಸಿದಳು. ಬಿಸಿಲಿನ ಕರೆಂಟಿಗೆ ತಿರುಗುವ ಮೋಟರನ್ನೂ ಬೀಸುವ ಕಲ್ಲಿಗೆ ತಾನೇ ಕೂತು ಜೋಡಿಸಿದಳು.

"ಇನ್ನ ಮ್ಯಾಲೆ ದೇಶಾನೇ ಹಿಂಗ ನಡಿಯೂದು, ಅತ್ತಿ. ಹೊಗಿ ಇಲ್ಲ, ಎಣ್ಣಿ ಇಲ್ಲ," ಅಂದಳು.

ದೇಶ ಹೇಗಾದರೂ ನಡೆಯಲಿ, ನನ್ನನ್ನು ಯಾಕೆ ಮೂಲೆಗೆ ತಳ್ಳಬೇಕು? ಆ ಸವತಿಗೋ ಬಿಸಿಲಿಗೆ ಮೈಯೊಡ್ಡಿ ಮಲಗುವುದೇ ಕೆಲಸ. ಸೀರೆಯ ತುಂಡೂ ಮಾಳಿಗೆ ಹತ್ತಿತು. ನನ್ನ ಹೊಟ್ಟೆ ಎಣ್ಣೆ ಹಾಕದೆಯೇ ಉರಿಯಿತು. ದಸರೆ ಮುಗಿದ ಮೇಲೆ ನನ್ನನ್ನು ಗುಜರಿಗೆ ಕೊಡುವ ಮಾತಾಯಿತು.

ಖಂಡೇಪೂಜೆಯ ಬೆಳಿಗ್ಗೆ ನೇತ್ರಾ ಗುಡಿಗೆ ಹೋಗಿದ್ದಳು. ಬಸಲಿಂಗವ್ವ ನನ್ನ ಮುಂದೆಯೇ ಹಾದು ಮಾಳಿಗೆ ಹತ್ತಿದಳು. ಒಂದೊಂದು ಹಲಗೆಗೂ ವಿಭೂತಿಯ ಮೂರು ಪಟ್ಟೆ, ಅಂಗೈಯಗಲ ಕುಂಕುಮ, ಅಡ್ಡಲಾಗಿ ಚೆಂಡುಹೂವಿನ ದಪ್ಪ ಮಾಲೆ. ಕೆಳಗೆ ಹೋಳಿಗೆಗೆಂದು ಗೋದಿ ತಂದ ಹೆಂಗಸರ ಸಾಲು. ಗುಂಡಿ ಒತ್ತಿದರೆ ಕಲ್ಲು ಒಂದು ಸುತ್ತು ಸುತ್ತಿ ನಿಂತೇಬಿಟ್ಟಿತು. ಬಿಸಿಲು ಬೀಳಲು ಜಾಗವೇ ಇಲ್ಲದಂತೆ ಪೂಜೆ ಮಾಡಿದ್ದಳು ಮಹಾತಾಯಿ!

ನನಗೆ ಹಾಲು ಕುಡಿದಷ್ಟು ಸಂತೋಷ. "ಹಳೀದನ್ನ ಚಾಲೂ ಮಾಡ್ರಿ," ಅಂದರು ಯಾರೋ. ಬೆಲ್ಟು ನನಗೆ ಹಾಕಿ ಹ್ಯಾಂಡಲ್ ತಿರುವಿದರು. ಇವತ್ತು ಗೆದ್ದರೆ ಗುಜರಿ ತಪ್ಪೀತು ಎಂದು ಮೊದಲ ತಿರುವಿಗೇ ಎದ್ದೆ. ಹಿಟ್ಟು ಸುರಿಯಿತು. ಸಾಲಿನ ಮುಂದಿದ್ದ ಹೆಂಗಸು ಚಿಟಿಕೆ ಹಿಟ್ಟು ಮೂಸಿ ಮುಖ ಸಿಂಡರಿಸಿದಳು.

"ಯವ್ವಾ, ಎಣ್ಣಿ ನಾತ ಹೊಡೀತೈತಿ! ಮೊದ್ಲೂ ಹಿಂಗ ಇತ್ತೇನ?"

"ಇತ್ತು," ಅಂದಳು ಬಸಲಿಂಗವ್ವ ಮೆಲ್ಲಗೆ. "ನಮಗ ಗೊತ್ತಾಗ್ತಿರ್ಲಿಲ್ಲ."

ಆ ಮಾತಿಗೆ ನನ್ನ ಗುಡುಗು ನನಗೇ ಅಸಹ್ಯವಾಯಿತು. ಅಷ್ಟರಲ್ಲಿ ನೇತ್ರಾ ಬಂದು, ಮಾಳಿಗೆ ನೋಡಿ ಹಣೆ ಬಡಿದುಕೊಂಡಳು. "ಅತ್ತಿ, ಅದರ ಕಣ್ಣಿಗೇ ಕುಂಕುಮ ಮೆತ್ತೀರಲ್ರೀ!" ಹಲಗೆ ತೊಳೆದಳು. ನನ್ನನ್ನು ನಿಲ್ಲಿಸಿದರು.

ಗುಜರಿಯವನು ನನ್ನ ಒಡಲನ್ನು ಒಯ್ದ. ಗಾಲಿಯನ್ನು ಮಾತ್ರ ಬಸಲಿಂಗವ್ವ ಬಿಡಲಿಲ್ಲ. "ಗಾಳಿ ಜೋರಾದ್ರ ಹಲಗಿ ಹಾರ್ತಾವು. ಭಾರಕ್ಕ ಇರ್ಲಿ."

ಈಗ ಉಳಿದಿರುವ ನಾನು ಬರೀ ಗಾಲಿ. ಸವತಿಯ ಕಾಲಿಗೆ ಕಟ್ಟಿಸಿಕೊಂಡು ಮಾಳಿಗೆಯ ಮೇಲೆ ಕೂತಿದ್ದೇನೆ. ಈ ಸಲದ ಪೂಜೆಯಲ್ಲಿ ಬಸಲಿಂಗವ್ವ ಹಲಗೆಗೆ ಕೈಮುಗಿದು, ಅದಕ್ಕೆ ಹಚ್ಚಬಾರದ ಕುಂಕುಮವನ್ನು ನನಗೆ ಹಚ್ಚಿದಳು. ಆಮೇಲೆ ಸೀರೆಯ ತುಂಡಿನಿಂದ ಸವತಿಯ ಮೈ ಒರೆಸಿದಳು, ನನ್ನದಲ್ಲ.

ಬಿರುಗಾಳಿ ಬಂದಾಗ ಸವತಿ ಹಾರಲು ಎಳೆಯುತ್ತಾಳೆ. ಹೋಗಲಿ ಪೀಡೆ, ಬಿಟ್ಟುಬಿಡೋಣ ಅಂತ ಪ್ರತಿ ಸಲವೂ ಅನ್ನಿಸುತ್ತದೆ. ಇನ್ನೂ ಬಿಟ್ಟಿಲ್ಲ.